ಬೆವರು ಬಲ್ಲ ಸೀರೆ



ನಟ್ಟಿಯ ಗದ್ದೆಯಲ್ಲಿ ನನ್ನ ಅಜ್ಜಿಯನ್ನು ನೋಡಿದ ನೆನಪು ಇನ್ನೂ ಹಸಿಯಾಗಿದೆ. ಬೆನ್ನ ಮೇಲೆ ಮಳೆಗೆ ಹೊದೆಯುವ ಗೊರಬು, ಮೊಣಕಾಲವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ ಹತ್ತಿ ಸೀರೆ. ಆ ಸೀರೆಯ ಸೆರಗೇ ಬೆವರು ಒರೆಸುವ ಬಟ್ಟೆ, ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ, ಸಂತೆಯ ಚಿಲ್ಲರೆ ಕಟ್ಟುವ ಗಂಟು. ಹಳತಾದ ಮೇಲೆ ಅದೇ ಮಗುವಿನ ತೊಟ್ಟಿಲು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಸೆಖೆ ಎಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಕಡಲಿನ ತೇವ ಮೈಗೆ ಅಂಟುತ್ತದೆ. ಈ ಹವೆಗೆ ಹೇಳಿ ಮಾಡಿಸಿದ್ದು ನಮ್ಮದೇ ಕರಾವಳಿಯ ಕೈಮಗ್ಗದ ಉಡುಪಿ ಸೀರೆ. ತೆಳು ಹತ್ತಿ ನೂಲು, ಗಂಜಿ ಹಾಕಿ ಗಟ್ಟಿ ಮಾಡಿದ ಹಾಸು, ಸಣ್ಣ ಚೌಕುಳಿ, ಸರಳ ಅಂಚು. ಹಗುರ, ಬೆವರು ಹೀರುತ್ತದೆ, ಒಗೆದರೆ ಬೇಗ ಒಣಗುತ್ತದೆ. ಒಗೆದಷ್ಟೂ ಮೆತ್ತಗಾಗುತ್ತದೆ.

2016ರಲ್ಲಿ ಈ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆದರೆ ಮಾನ್ಯತೆಯಿಂದ ಮಗ್ಗ ಓಡುವುದಿಲ್ಲ. ಒಂದು ಸೀರೆಗೆ ನೇಕಾರರ ದಿನಗಟ್ಟಲೆ ದುಡಿಮೆ ಬೇಕು. ಪವರ್‌ಲೂಮ್ ಬಟ್ಟೆಯ ಅಗ್ಗದ ಬೆಲೆಯ ಎದುರು ಕೈಮಗ್ಗದ ಸೀರೆ ಸೋಲುತ್ತಾ ಬಂದಿದೆ. ಹಿರಿಯ ನೇಕಾರರ ಮನೆಯ ಮಕ್ಕಳು ಬೇರೆ ಕೆಲಸ ಹಿಡಿದರು. ಆದರೂ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ, ಈ ನೇಯ್ಗೆ ಉಳಿಸಲು ದುಡಿಯುವ ಕದಿಕೆ ಟ್ರಸ್ಟ್‌ನ ನೆರವಿನಿಂದ ಮಗ್ಗಗಳು ಮತ್ತೆ ಸದ್ದು ಮಾಡುತ್ತಿವೆ ಎಂಬುದು ನನಗೆ ದೊಡ್ಡ ಸಮಾಧಾನ.

ಮದುವೆಗೆ ರೇಷ್ಮೆ ಇರಲಿ. ದಿನದ ಉಡುಗೆಗೆ, ಈ ಬೇಸಗೆಯಲ್ಲಿ ಅಮ್ಮನಿಗೋ ಅತ್ತೆಗೋ ಒಂದು ಉಡುಪಿ ಸೀರೆ ಕೊಳ್ಳಿ. ಸಾಧ್ಯವಾದರೆ ಮಗ್ಗದ ಮನೆಗೇ ಹೋಗಿ ಕೊಳ್ಳಿ.