ಪಟವನ್ನು ತಿದ್ದುವಾಗ ಮುಖವನ್ನು ಉಳಿಸಿಕೊಳ್ಳೋಣ



ಊರು ಬಿಟ್ಟು ನಾಗಪುರದಲ್ಲಿ ಹೊಟ್ಟೆ ಹೊರೆಯುವ ನಮಗೆ ಭಾವಚಿತ್ರವೆಂಬುದು ಬರಿಯ ಅಲಂಕಾರವಲ್ಲ. ನೌಕರಿಯ ಅರ್ಜಿಗೆ ಒಂದು ಬೇಕು, ಮಗಳಿಗೆ ಸಂಬಂಧ ನೋಡುವಾಗ ಒಂದು ಬೇಕು, ತೀರಿಕೊಂಡ ಹಿರಿಯರ ನೆನಪಿಗೆ ಗೋಡೆಯ ಮೇಲೆ ಒಂದು ಬೇಕು. ಪಟವನ್ನು ತಿದ್ದುವ ಸಾಧನವೂ ಈಗ ಎಲ್ಲರ ಕೈಗೆ ಬಂದಿದೆ. ಆದಕಾರಣ ಏನನ್ನು ತಿದ್ದಬೇಕು, ಏನನ್ನು ಮುಟ್ಟಬಾರದು ಎಂಬುದನ್ನು ಅರಿತಿರುವುದು ಒಳ್ಳೆಯದು.

ಈ ವಿದ್ಯೆ ಹೊಸದೇನಲ್ಲ. ಹಿಂದೆ ಸ್ಟುಡಿಯೋಗಳಲ್ಲಿ ನೆಗೆಟಿವನ್ನು ಬೆಳಕಿಗೆ ಒಡ್ಡಿ, ಚೂಪಾದ ಪೆನ್ಸಿಲಿನಿಂದ ಸುಕ್ಕುಗಳನ್ನು ತುಂಬುತ್ತಿದ್ದರು. ನೆಗೆಟಿವಿನಲ್ಲಿ ಕಪ್ಪು ಬಿಳುಪು ಅದಲುಬದಲಾಗಿರುವುದರಿಂದ, ಅಲ್ಲಿ ಸೀಸ ಹತ್ತಿದ ಕಡೆ ಪಟದಲ್ಲಿ ತಿಳಿಯಾಗುತ್ತಿತ್ತು. 1990ರಲ್ಲಿ ಬಂದ ಅಡೋಬಿ ಕಂಪನಿಯ ಫೋಟೋಶಾಪ್ ಈ ಕೆಲಸವನ್ನು ಕಂಪ್ಯೂಟರಿನ ಪರದೆಗೆ ತಂದಿತು. ಅದರಲ್ಲಿರುವ 'ಡಾಡ್ಜ್', 'ಬರ್ನ್' ಎಂಬ ಹೆಸರುಗಳು ಹಳೆಯ ಕತ್ತಲೆಕೋಣೆಯವೇ. ಕಾಗದಕ್ಕೆ ಬೀಳುವ ಬೆಳಕನ್ನು ತಡೆದರೆ ಆ ಭಾಗ ತಿಳಿಯಾಗುವುದು, ಹೆಚ್ಚು ಕೊಟ್ಟರೆ ಗಾಢವಾಗುವುದು. ಹಣ ಕೊಡಲಾರದವರಿಗೆ ಗಿಂಪ್ ಎಂಬ ಉಚಿತ ತಂತ್ರಾಂಶ ಉಂಟು.

ಕೆಲಸದ ಕ್ರಮ ಹೀಗೆ. ಮೂಲವನ್ನು ಹಾಗೆಯೇ ಇಟ್ಟು, ಅದರ ಪ್ರತಿಯ ಮೇಲೆ ಮಾತ್ರ ಕೈ ಹಾಕತಕ್ಕದ್ದು. ಹಳೆಯ ಸಣ್ಣ ಪಟವಾದರೆ ಅಂಗುಲಕ್ಕೆ 600 ಚುಕ್ಕೆಗಳಿಗೆ ಕಡಮೆಯಾಗದಂತೆ ಸ್ಕ್ಯಾನ್ ಮಾಡಿಸಬೇಕು. ಮೊದಲು 'ಲೆವೆಲ್ಸ್' ಎಂಬುದರಿಂದ ಬೆಳಕನ್ನು ಹದಕ್ಕೆ ತರಬೇಕು. ಬಳಿಕ 'ಹೀಲಿಂಗ್' ಕುಂಚವನ್ನು ಚಿಕ್ಕದಾಗಿಟ್ಟುಕೊಂಡು ಗೀರು, ಧೂಳು, ಮೊಡವೆಗಳನ್ನು ಒಂದೊಂದಾಗಿ ತೆಗೆಯಬೇಕು. ಈ ಕುಂಚ ಪಕ್ಕದ ಚರ್ಮದ ನೇಯ್ಗೆಯನ್ನು ತಂದು ಕಲೆಯ ಸುತ್ತಣ ಬಣ್ಣಕ್ಕೆ ಹೊಂದಿಸುತ್ತದೆ. ಕಣ್ಣಿನ ಕೆಳಗಿನ ಸುಕ್ಕುಗಳಿಗೆ ಚಿತ್ರದ ಇನ್ನೊಂದು ನಕಲು ಪದರವನ್ನು ಮೇಲೆ ಹಾಕಿ ತಿದ್ದಿ, ಆ ಪದರದ ಗಾಢತೆಯನ್ನು ಅರ್ಧಕ್ಕೆ ಇಳಿಸಿದರೆ ಸುಕ್ಕು ಮೃದುವಾಗುವುದೇ ಹೊರತು ಮಾಯವಾಗುವುದಿಲ್ಲ. ಇಡೀ ಮುಖವನ್ನು ಮಸುಕುಗೊಳಿಸಿದರೆ ಮೇಣದ ಬೊಂಬೆಯಾದೀತು.

ಮೇ ತಿಂಗಳ ನಾಗಪುರದ ನಡುಹಗಲಿನಲ್ಲಿ ಪಟ ತೆಗೆದರೆ ಕಣ್ಣುಗುಳಿಗಳು ಕಪ್ಪಾಗಿ ಬೀಳುತ್ತವೆ. ಬೆಳಗಿನ ಹೊತ್ತು ಕಿಟಕಿಯ ಪಕ್ಕದಲ್ಲಿ ಕೂರಿಸಿ ತೆಗೆದರೆ ಅರ್ಧ ತಿದ್ದುಪಡಿ ಉಳಿಯಿತು.

ಎಲ್ಲಿಗೆ ನಿಲ್ಲಿಸಬೇಕು? ಹದಿನೈದು ದಿನಗಳಲ್ಲಿ ತಾನಾಗಿ ಹೋಗುವ ಮೊಡವೆಯನ್ನು ಅಳಿಸಿದರೆ ದೋಷವಿಲ್ಲ. ಹುಟ್ಟುಮಚ್ಚೆ, ಹಳೆಯ ಗಾಯದ ಗುರುತು, ಮೈಬಣ್ಣ ಇವು ಮುಖದ ಸ್ವತ್ತು. ಪಾಸ್‌ಪೋರ್ಟಿನ ಪಟವನ್ನಂತೂ ತಂತ್ರಾಂಶದಿಂದ ತಿದ್ದಲೇಕೂಡದು. ಫ್ರಾನ್ಸಿನಲ್ಲಿ 2017ರಿಂದ ರೂಪದರ್ಶಿಯ ಮೈಕಟ್ಟನ್ನು ತಿದ್ದಿದ ಜಾಹೀರಾತಿನ ಮೇಲೆ ಹಾಗೆಂದು ಬರೆಯಬೇಕೆಂಬ ಕಟ್ಟಳೆಯೇ ಇದೆ.

ಮದುವೆಯ ಪಟದಲ್ಲಿ ಮಗಳ ಬಣ್ಣವನ್ನು ಬಿಳುಪು ಮಾಡಿಸುವವರು ಒಂದು ಮಾತು ಯೋಚಿಸಲಿ. ನೋಡಲು ಬಂದವರು ಪಟವನ್ನೂ ಮುಖವನ್ನೂ ಹೋಲಿಸುವಾಗ ತಲೆ ತಗ್ಗಿಸಿ ಕೂರುವವಳು ಆ ಹುಡುಗಿ. ಅವಳ ಬಣ್ಣ ಸಾಲದೆಂದು ಪರರಿಗಿಂತ ಮೊದಲು ಮನೆಯವರೇ ಹೇಳಿದಂತಾಯಿತು. ಹಾಗೆಯೇ, ದುಡಿದು ಸವೆದ ತಂದೆಯ ಹಣೆಯ ಗೆರೆಗಳನ್ನು ಒರೆಸಿಹಾಕಿದರೆ ಮೊಮ್ಮಕ್ಕಳು ಕೈಮುಗಿಯುವುದು ಬೇರೆ ಯಾರಿಗೋ. ಕಾಗದದ ಕಲೆಯನ್ನು ತೆಗೆಯೋಣ, ಬಾಳಿನ ಗುರುತನ್ನು ಉಳಿಸೋಣ.