ನೋಯದ ಗಾಯ

ಸಕ್ಕರೆ ಕಾಯಿಲೆಯವರ ಕಾಲಿಗೆ ಮುಳ್ಳು ಚುಚ್ಚಿದರೂ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ವರ್ಷಗಟ್ಟಲೆ ಏರಿಯೇ ಉಳಿದ ಸಕ್ಕರೆ ಪಾದದ ನರಗಳನ್ನು ಮಂದವಾಗಿಸಿರುತ್ತದೆ. ಚಪ್ಪಲಿ ಉಜ್ಜಿ ಎದ್ದ ಗುಳ್ಳೆ ನೋಯದೆಯೇ ಹುಣ್ಣಾಗುತ್ತದೆ; ಕೀವು ಕಂಡಾಗಲೇ ಮನೆಯವರಿಗೆ ಗಾಬರಿ.

ಕಣ್ಣು, ಮೂತ್ರಪಿಂಡಗಳಲ್ಲೂ ಹಾನಿ ಸದ್ದಿಲ್ಲದೆ ಸಾಗುತ್ತದೆ.

ಹಾಗೆಂದು ಇದು ಹಣೆಬರಹವಲ್ಲ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ಅಧ್ಯಯನವೊಂದು, ಆಗಷ್ಟೇ ಟೈಪ್ 2 ಮಧುಮೇಹ ಪತ್ತೆಯಾದ 5,102 ಮಂದಿಯನ್ನು ಸೇರಿಸಿಕೊಂಡಿತು. 1998ರಲ್ಲಿ ಫಲಿತಾಂಶ ಬಂತು: ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಸೂಕ್ಷ್ಮ ರಕ್ತನಾಳಗಳ ತೊಂದರೆ ಶೇ. 25ರಷ್ಟು ಕಡಿಮೆ. ರಕ್ತದೊತ್ತಡ ಇಳಿಸಿಕೊಂಡವರಲ್ಲಿ ಪಾರ್ಶ್ವವಾಯುವೂ ತಗ್ಗಿತ್ತು.

ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣು, ಮೂತ್ರದ ತಪಾಸಣೆ ತಪ್ಪಿಸಬೇಡಿ. ದಿನಾ ಮಲಗುವ ಮುನ್ನ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಕನ್ನಡಿ ಹಿಡಿಯಿರಿ, ಇಲ್ಲವೇ ಮನೆಯವರನ್ನು ಕರೆಯಿರಿ.