ಮಕ್ಕಳಿರುವ ಮನೆಯ ಕಲೆಗಳು

ಕನ್ನಡದಲ್ಲಿ ‘ಕಲೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಚಿತ್ರ, ಸಂಗೀತ ಮೊದಲಾದುವುಗಳನ್ನು ಕಲೆ ಎನ್ನುತ್ತೇವೆ. ಬಿಳಿಯ ಪಂಚೆಯ ಮೇಲೆ ಬಿದ್ದ ಎಣ್ಣೆಯ ಗುರುತನ್ನೂ ಕಲೆ ಎನ್ನುತ್ತೇವೆ. ಇವೆರಡೂ ಬೇರೆ ಬೇರೆ ಪದಗಳೆಂದು ವಿದ್ವಾಂಸರು ಹೇಳುವರು. ಆದರೆ ಮೂರು ವರ್ಷದ ಮಗುವೊಂದು ಬಣ್ಣದ ಕಡ್ಡಿಯನ್ನು ಹಿಡಿದು ನಡುಮನೆಯ ಗೋಡೆಯ ಮುಂದೆ ನಿಂತಾಗ ಈ ಭೇದವು ಅಳಿಸಿಹೋಗುತ್ತದೆ. ಮಗುವಿಗೆ ಅದು ಮೊದಲನೆಯ ಅರ್ಥದ ಕಲೆ. ತಾಯಿಗೆ ಎರಡನೆಯ ಅರ್ಥದ್ದು. ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವುದು ಎರಡನೆಯದನ್ನು ಕುರಿತು.

ವಿಷಯವು ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಮನೆಯ ನೆಮ್ಮದಿ ಕೆಡುವುದು ಬಹುಮಟ್ಟಿಗೆ ಅಲ್ಪವಿಷಯಗಳಿಂದಲೇ. ಚೆಲ್ಲಿದ ಹಾಲಿಗಾಗಿ ಮಗುವಿಗೆ ಬೀಳುವ ಏಟು, ಒದ್ದೆಯಾದ ಹಾಸಿಗೆಗಾಗಿ ಎಲ್ಲರ ಮುಂದೆ ಆಗುವ ಅವಮಾನ, ಕಲೆಯನ್ನು ತೆಗೆಯುವ ಆತುರದಲ್ಲಿ ಕೈಗೆ ಸಿಕ್ಕ ವಿಷದ್ರಾವಣವನ್ನು ತೆರೆದಿಟ್ಟು ಮರೆಯುವುದು, ಇವು ಯಾವುವೂ ಅಲ್ಪವಲ್ಲ. ಆದಕಾರಣ ಕಲೆಗಳ ಸ್ವಭಾವವನ್ನು ತಿಳಿದುಕೊಳ್ಳುವುದು ಗೃಹಕೃತ್ಯದ ಒಂದು ಭಾಗವೇ ಸರಿ. ಸ್ವಭಾವವನ್ನು ತಿಳಿದವರಿಗೆ ಕೋಪವೂ ಕಡಮೆ, ಶ್ರಮವೂ ಕಡಮೆ.

ಮೊದಲು ಎಲ್ಲ ಕಲೆಗಳಿಗೂ ಸಲ್ಲುವ ನಾಲ್ಕು ಮಾತುಗಳನ್ನು ಹೇಳುತ್ತೇವೆ. ಒಂದು: ಹಸಿಯ ಕಲೆ ಅತಿಥಿ, ಒಣಗಿದ ಕಲೆ ಒಕ್ಕಲು. ಹಸಿಯಾಗಿರುವಾಗಲೇ ಅದನ್ನು ಕಳುಹಿಸಿಬಿಡಬೇಕು. ಎರಡು: ಉಜ್ಜಬಾರದು, ಒತ್ತಿ ಹೀರಿಸಬೇಕು. ಉಜ್ಜಿದರೆ ಕಲೆ ಅಗಲವಾಗುತ್ತದೆ, ನೂಲಿನ ಒಳಕ್ಕೂ ಇಳಿಯುತ್ತದೆ. ಅಂಚಿನಿಂದ ಒಳಮುಖವಾಗಿ ಒತ್ತುತ್ತ ಬರುವುದು ಉತ್ತಮ. ಮೂರು: ಯಾವ ಕಲೆಯೆಂದು ತಿಳಿಯದಿದ್ದಲ್ಲಿ ತಣ್ಣೀರಿನಿಂದಲೇ ಆರಂಭಿಸತಕ್ಕದ್ದು. ನಾಲ್ಕು: ಯಾವ ಔಷಧಿಯನ್ನಾಗಲಿ ಬಟ್ಟೆಯ ಮಡಿಕೆಯೊಳಗೋ ಗೋಡೆಯ ಮೂಲೆಯಲ್ಲೋ ಸ್ವಲ್ಪ ಹಚ್ಚಿ ಪರೀಕ್ಷಿಸಿದ ಮೇಲೆಯೇ ಬಳಸಬೇಕು. ಕಲೆಯೊಡನೆ ಬಣ್ಣವೂ ಹೋದರೆ ಹೋದುದು ಕಲೆಯಲ್ಲ, ಬಟ್ಟೆ.

ಇನ್ನು ಕಲೆಗಳ ಜಾತಿಗಳನ್ನು ನೋಡೋಣ. ಹಾಲು, ಮೊಟ್ಟೆ, ರಕ್ತ, ಇವುಗಳಲ್ಲಿ ಇರುವುದು ಪ್ರೋಟೀನು. ಕಾಯಿಸಿದಾಗ ಮೊಟ್ಟೆ ಗಟ್ಟಿಯಾಗುವುದನ್ನು ಎಲ್ಲರೂ ಬಲ್ಲರು. ಬಿಸಿನೀರು ಹೊಯ್ದಾಗ ಬಟ್ಟೆಯ ನೂಲಿನೊಳಗೆ ನಡೆಯುವುದೂ ಅದೇ. ಮಗು ಆಡುತ್ತ ಬಿದ್ದು ಮಂಡಿ ತರೆದುಕೊಂಡು ಬಂದಾಗ ಅಂಗಿಯನ್ನು ಬಿಸಿನೀರಿನಲ್ಲಿ ನೆನೆಸಿಟ್ಟ ತಾಯಿ, ಒಳ್ಳೆಯ ಉದ್ದೇಶದಿಂದಲೇ ಆ ಕಲೆಯನ್ನು ಶಾಶ್ವತಗೊಳಿಸಿದಂತಾಗುತ್ತದೆ. ತಣ್ಣೀರಿನಲ್ಲಿ ನೆನೆಸಿ, ಅನಂತರ ಸಾಬೂನು ಹಚ್ಚುವುದೇ ಕ್ರಮ. ಇಂಥ ಕಲೆಗಳನ್ನು ಜೀರ್ಣಿಸುವ ಕಿಣ್ವಗಳನ್ನು ಒಗೆತಕ್ಕೆ ಬಳಸಬಹುದೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಓಟ್ಟೊ ರೋಮ್ ೧೯೧೩ರಲ್ಲಿ ಕಂಡುಕೊಂಡರು. ಇಂದಿನ ಅನೇಕ ಒಗೆಯುವ ಪುಡಿಗಳಲ್ಲಿ ಅಂಥ ಕಿಣ್ವಗಳಿರುತ್ತವೆ. ಕುದಿಯುವ ನೀರಿನಲ್ಲಿ ಅವು ನಾಶವಾಗುವುದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಅವುಗಳ ಕೆಲಸವನ್ನು ಅವು ಮಾಡುತ್ತವೆ. ಆದರೆ ರೇಷ್ಮೆಯೂ ಉಣ್ಣೆಯೂ ಪ್ರೋಟೀನೇ ಆದುದರಿಂದ ಮೈಸೂರು ರೇಷ್ಮೆಯ ಸೀರೆಯ ಮೇಲೆ ಮಗು ಹಾಲು ಕಕ್ಕಿದಾಗ ಈ ಪುಡಿಗಳನ್ನು ಮುಟ್ಟಬಾರದು. ಅವು ಹಾಲನ್ನೂ ಸೀರೆಯನ್ನೂ ಭೇದವಿಲ್ಲದೆ ಜೀರ್ಣಿಸಲು ತೊಡಗುತ್ತವೆ.

ಎಣ್ಣೆ, ತುಪ್ಪ, ಬೆಣ್ಣೆಗಳ ಜಾತಿ ಬೇರೆ. ನೀರಿಗೆ ಇವು ಜಗ್ಗುವುದಿಲ್ಲ. ಮೊದಲು ಕಡಲೆಹಿಟ್ಟನ್ನೋ ಸೀಮೆಸುಣ್ಣದ ಪುಡಿಯನ್ನೋ ಉದುರಿಸಿ ಜಿಡ್ಡನ್ನು ಹೀರಿಸಿ ಕೊಡವಿಹಾಕಬೇಕು. ಆಮೇಲೆ ಬಿಸಿನೀರು, ಸಾಬೂನು. ಸಾಬೂನಿನ ಕಣದ ಒಂದು ತುದಿಗೆ ನೀರಿನ ಸ್ನೇಹ, ಇನ್ನೊಂದು ತುದಿಗೆ ಜಿಡ್ಡಿನ ಸ್ನೇಹ. ಹೀಗೆ ಇಬ್ಬರ ಕೈಯನ್ನೂ ಹಿಡಿದು ಅದು ಜಿಡ್ಡನ್ನು ನೀರಿನೊಡನೆ ಕಳುಹಿಸಿಕೊಡುತ್ತದೆ. ನಮ್ಮ ಅಜ್ಜಿಯರು ಬಳಸುತ್ತಿದ್ದ ಸೀಗೆಕಾಯಿ, ಅಂಟುವಾಳಗಳ ನೊರೆಯೂ ಮಾಡುವುದು ಇದನ್ನೇ. ಬಯಲುಸೀಮೆಯ ಗಡಸು ಬಾವಿನೀರಿನಲ್ಲಿ ಸಾಬೂನು ನೊರೆಗಟ್ಟದೆ ಬಿಳಿಯ ಗಸಿಯಾಗುವುದುಂಟು. ಅಲ್ಲಿ ನೀರಿಗೆ ಮೊದಲೇ ಒಂದಿಷ್ಟು ಒಗೆಯುವ ಸೋಡವನ್ನು ಹಾಕಿಕೊಂಡರೆ ಸಾಬೂನು ಉಳಿಯುತ್ತದೆ.

ಅರಿಸಿನದ ಕಲೆ ನಮ್ಮ ಅಡಿಗೆಯ ನಿತ್ಯಸಂಗಾತಿ. ಹುಳಿಯನ್ನದ ತಟ್ಟೆ ಮಗುಚಿದ ಅಂಗಿಗೆ ಸಾಬೂನು ಹಚ್ಚಿದೊಡನೆ ಹಳದಿಯು ಕೆಂಪಾಗುವುದನ್ನು ಕಂಡು ಗಾಬರಿಯಾಗುವವರುಂಟು. ಅರಿಸಿನದ ಬಣ್ಣಕ್ಕೆ ಕ್ಷಾರದ ಸೋಂಕು ತಗುಲಿದಾಗ ಕೆಂಪಾಗುವುದು ಸಹಜಗುಣ. ಸುಣ್ಣ ಬೆರೆಸಿ ಆರತಿಯ ಓಕುಳಿಯನ್ನು ಮಾಡುವ ಮನೆಗಳಲ್ಲಿ ಇದನ್ನು ವಿವರಿಸಬೇಕಾದುದಿಲ್ಲ. ನೀರಿನಲ್ಲಿ ಜಾಲಿಸಿದಾಗ ಮತ್ತೆ ಹಳದಿಯಾಗುತ್ತದೆ. ಉಳಿದ ಹಳದಿಗೆ ಬಿಸಿಲೇ ಔಷಧ. ಆ ಬಣ್ಣವು ಬೆಳಕನ್ನು ತಾಳದು. ಒದ್ದೆಯಾಗಿಯೇ ಬಿಸಿಲಿಗೆ ಹರವಿದ ಬಟ್ಟೆಯು ಒಂದೆರಡು ದಿನಗಳಲ್ಲಿ ತಾನಾಗಿ ತಿಳಿಯಾಗುವುದು.

ಬಾಳೆಯ ಕರೆ, ಗೇರುಹಣ್ಣು, ದಾಳಿಂಬೆ, ಚಹ, ಇವುಗಳ ಕಲೆ ಒಗರಿನ ಕಲೆ. ಗಾಳಿ ಸೋಕಿದಷ್ಟೂ ಕಪ್ಪಾಗುವುದು ಕೆಲವುಗಳ ಗುಣ. ಕಬ್ಬಿಣ ಸೋಕಿದರಂತೂ ಪೂರ್ವದ ಮಸಿಯೇ ಆಗಿಬಿಡುತ್ತದೆ. ಒಗರನ್ನೂ ಕಬ್ಬಿಣದ ಲವಣವನ್ನೂ ಸೇರಿಸಿಯೇ ಹಿಂದೆ ಬರವಣಿಗೆಯ ಮಸಿಯನ್ನು ತಯಾರಿಸುತ್ತಿದ್ದರು. ಆದುದರಿಂದ ಇಂಥ ಬಟ್ಟೆಯನ್ನು ತುಕ್ಕು ಹಿಡಿದ ಬಕೆಟ್ಟಿನಲ್ಲಿ ನೆನೆಹಾಕಬಾರದು. ಕೂಡಲೆ ತೊಳೆದು, ಹತ್ತಿಯ ಬಟ್ಟೆಯಾದರೆ ನಿಂಬೆರಸವನ್ನು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಬಹುದು. ಒಣಗಿದ ಬಾಳೆಕರೆ ಮಾತ್ರ ಬಹುಮಟ್ಟಿಗೆ ಹೋಗುವುದಿಲ್ಲ. ಹಲಸಿನ ಮೇಣದ ರೀತಿಯೇ ಬೇರೆ. ಅದು ನೀರಿಗೆ ಬಗ್ಗದು, ಎಣ್ಣೆಗೆ ಬಗ್ಗುತ್ತದೆ. ಹಲಸು ಹೆಚ್ಚುವ ಮುನ್ನ ಕೈಗೆ ಎಣ್ಣೆ ಸವರಿಕೊಳ್ಳುವ ಯುಕ್ತಿಯೇ ಮಗುವಿನ ಕೂದಲಿಗಂಟಿದ ಮೇಣಕ್ಕೂ ಸಲ್ಲುತ್ತದೆ. ಕತ್ತರಿಯನ್ನು ಹುಡುಕಬೇಕಾದುದಿಲ್ಲ.

ಬಣ್ಣದ ಕಡ್ಡಿ ಎಂದರೆ ಮೇಣ. ಬಟ್ಟೆಯ ಮೇಲೆ ಬಿದ್ದರೆ ಮೇಲೊಂದು ಕೆಳಗೊಂದು ಹೀರುಕಾಗದವನ್ನಿಟ್ಟು ಬೆಚ್ಚಗಿನ ಇಸ್ತ್ರಿಯನ್ನು ಒತ್ತಿದರೆ ಮೇಣವು ಕರಗಿ ಕಾಗದಕ್ಕೆ ಏರುತ್ತದೆ. ಉಳಿದ ಬಣ್ಣವನ್ನು ಸಾಬೂನಿನಿಂದ ತೊಳೆಯಬೇಕು. ಎಮಲ್ಷನ್ ಬಳಿದ ಗೋಡೆಯಾದರೆ ಒದ್ದೆಯ ಮೆತ್ತನೆಯ ಬಟ್ಟೆಗೆ ಚಿಟಿಕೆ ಅಡಿಗೆ ಸೋಡವನ್ನು ಹಚ್ಚಿ ಹಗುರವಾಗಿ ಒರೆಸಬೇಕು. ಸುಣ್ಣದ ಗೋಡೆಯನ್ನು ಒರೆಸುವುದು ವ್ಯರ್ಥ. ಕೆರೆದು ಮತ್ತೊಂದು ಕೈ ಸುಣ್ಣವನ್ನು ಬಳಿಯುವುದೇ ಸುಲಭ. ಬಾಲ್‌ಪೆನ್ನಿನ ಮಸಿಯು ಎಣ್ಣೆಯ ಜಾತಿಯದು, ನೀರಿಗೆ ಕರಗದು, ಸ್ಪಿರಿಟ್ಟಿಗೆ ಕರಗುತ್ತದೆ. ೨೦೨೦ರ ಮಹಾಮಾರಿಯ ಕಾಲದಿಂದ ಎಷ್ಟೋ ಮನೆಗಳಲ್ಲಿ ಉಳಿದುಬಂದಿರುವ ಕೈಶುದ್ಧಿಯ ದ್ರಾವಣದಲ್ಲಿರುವುದೂ ಬಹುಮಟ್ಟಿಗೆ ಸ್ಪಿರಿಟ್ಟೇ. ಕಲೆಯ ಅಡಿಯಲ್ಲಿ ಹಳೆಯ ಬಟ್ಟೆಯನ್ನಿಟ್ಟು, ಅದನ್ನು ಹತ್ತಿಯಲ್ಲಿ ಅದ್ದಿ ಒತ್ತಬೇಕು. ಒಲೆಯ ಬಳಿ ಈ ಕೆಲಸವನ್ನು ಮಾಡಕೂಡದು. ಸ್ಪಿರಿಟ್ಟಿಗೆ ಬೆಂಕಿ ತಗುಲಲು ಅರೆಕ್ಷಣ ಸಾಕು. ಅಂಟಿಕೊಂಡ ಚೂಯಿಂಗ್ ಗಮ್ಮಿಗೆ ಮಂಜುಗಡ್ಡೆಯನ್ನು ಒತ್ತಿದರೆ ಬಿರುಸಾಗಿ ಸಿಡಿದು ಬರುತ್ತದೆ.

ನೆಲದ ವಿಷಯದಲ್ಲಿ ಒಂದು ಎಚ್ಚರಿಕೆ. ಶಹಾಬಾದಿನ ಕಲ್ಲು, ಕಡಪದ ಕಲ್ಲು, ಅಮೃತಶಿಲೆ, ಇವೆಲ್ಲವೂ ಸುಣ್ಣದ ಜಾತಿಯ ಶಿಲೆಗಳು. ನಿಂಬೆ, ವಿನಿಗರ್, ಆಸಿಡ್ ಇವುಗಳನ್ನು ಅವುಗಳ ಮೇಲೆ ಸುರಿದರೆ ಕಲೆಗಿಂತ ಮೊದಲು ಕಲ್ಲೇ ಕರಗಿ ಹೊಳಪು ಹೋಗುತ್ತದೆ. ಇವುಗಳಿಗೆ ಸೌಮ್ಯವಾದ ಸಾಬೂನುನೀರೇ ತಕ್ಕುದು.

ಈಗ ಯಾರೂ ಬಾಯಿಬಿಟ್ಟು ಹೇಳಲಿಚ್ಛಿಸದ ಕೊಳೆಯ ಮಾತು. ಎಳೆಯ ಮಗುವಿನ ಮಲದಲ್ಲಿ ದೋಷವಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಇದೆ. ಇದು ಸರಿಯಲ್ಲ. ದೊಡ್ಡವರದರಂತೆಯೇ ಅದರಲ್ಲಿಯೂ ಅತಿಸಾರವೇ ಮೊದಲಾದ ರೋಗಗಳ ಬೀಜಗಳಿರಬಹುದು. ಅದನ್ನು ಕಕ್ಕಸಿಗೇ ಸೇರಿಸಿ, ಮಲಿನವಾದ ಬಟ್ಟೆಯನ್ನು ಬೇರೆಯಾಗಿ ಒಗೆದು ಬಿಸಿಲಿಗೆ ಹಾಕಿ, ಸಾಬೂನಿನಿಂದ ಕೈಗಳನ್ನು ತೊಳೆದ ಮೇಲೆಯೇ ಅಡಿಗೆಯ ಪಾತ್ರೆಯನ್ನು ಮುಟ್ಟತಕ್ಕದ್ದು. ವಿಯೆನ್ನಾ ನಗರದ ಹೆರಿಗೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಸೆಮ್ಮೆಲ್‌ವೈಸ್ ಎಂಬವರು ೧೮೪೭ರಲ್ಲಿ ವೈದ್ಯರೆಲ್ಲರೂ ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ವಿಧಿಸಿದಾಗ ಬಾಣಂತಿಯರ ಸಾವು ಬಹಳವಾಗಿ ಇಳಿಯಿತು. ಕೈ ತೊಳೆಯುವುದೆಂಬ ಸಣ್ಣ ಕೆಲಸದ ಬೆಲೆ ಅಂಥದು.

ಹಾಸಿಗೆ ಒದ್ದೆಯಾದರೆ ಮೊದಲು ಒಣಬಟ್ಟೆಯಿಂದ ಒತ್ತಿ ಹೀರಿಸಿ, ತಣ್ಣೀರಿನ ಬಟ್ಟೆಯಿಂದ ಒರೆಸಿ, ಅಡಿಗೆ ಸೋಡವನ್ನು ಉದುರಿಸಿ, ಒಣಗಿದ ಮೇಲೆ ಕೊಡವಿ, ಬಿಸಿಲಿಗೆ ಹಾಕಬೇಕು. ತಡವಾದಷ್ಟೂ ನಾತ ಹೆಚ್ಚುವುದೇಕೆಂದರೆ, ಮೂತ್ರದಲ್ಲಿರುವ ಯೂರಿಯವನ್ನು ಸೂಕ್ಷ್ಮಜೀವಿಗಳು ಅಮೋನಿಯವಾಗಿ ಮಾರ್ಪಡಿಸುತ್ತವೆ. ಹಾಗೆಯೇ ಇನ್ನೊಂದು ಮಾತು. ಐದು ವರ್ಷದೊಳಗಿನ ಮಗು ನಿದ್ದೆಯಲ್ಲಿ ಹಾಸಿಗೆಯನ್ನು ಒದ್ದೆ ಮಾಡುವುದು ರೋಗವೂ ಅಲ್ಲ, ಹಟವೂ ಅಲ್ಲ. ಅದಕ್ಕಿಂತ ದೊಡ್ಡ ಮಕ್ಕಳಲ್ಲಿಯೂ ಅದು ಬೇಕೆಂದು ಮಾಡಿದ ಕೆಲಸವಲ್ಲ. ಬಯ್ದುದರಿಂದ ಹಾಸಿಗೆ ಒಣಗುವುದಿಲ್ಲ. ಅಡಿಯಲ್ಲಿ ಒಂದು ರಬ್ಬರಿನ ಹಾಳೆ, ಬೆಳಿಗ್ಗೆ ಒಂದು ಸಮಾಧಾನದ ಮಾತು, ಇಷ್ಟು ಸಾಕು. ದೊಡ್ಡ ಮಗುವಿನಲ್ಲಿ ಮುಂದುವರಿದರೆ ವೈದ್ಯರನ್ನು ಕಾಣಬೇಕು.

ನಮ್ಮ ಭಾಷಣದಲ್ಲಿ ಎಲ್ಲವನ್ನೂ ಮರೆತರೂ ಮರೆಯಬಾರದ ಮಾತೊಂದಿದೆ. ಕೊಳೆಗಿಂತ ಕೊಳೆ ತೆಗೆಯುವ ಸಾಮಗ್ರಿಯೇ ಮಗುವಿಗೆ ಹೆಚ್ಚು ಅಪಾಯ. ಬ್ಲೀಚಿಂಗ್ ದ್ರಾವಣವನ್ನೂ ಕಕ್ಕಸು ತೊಳೆಯುವ ಆಸಿಡ್ಡನ್ನೂ ಎಂದಿಗೂ ಬೆರೆಸಕೂಡದು. ಉಸಿರು ಕಟ್ಟಿಸುವ ಕ್ಲೋರಿನ್ ವಾಯು ಹುಟ್ಟುತ್ತದೆ. ಬ್ಲೀಚನ್ನು ಮೂತ್ರದ ಕಲೆಯ ಮೇಲೆ ಸುರಿಯುವುದೂ ಬೇಡ. ಅಮೋನಿಯದೊಡನೆ ಸೇರಿದಾಗ ಅದೂ ವಿಷವಾಯುವೇ. ಇನ್ನು ಸೀಮೆಎಣ್ಣೆ, ಫಿನಾಯಿಲ್, ಆಸಿಡ್, ಇವುಗಳನ್ನು ಪಾನೀಯದ ಹಳೆಯ ಶೀಶೆಗಳಲ್ಲಿ ತುಂಬಿ ಬಚ್ಚಲ ಮೂಲೆಯಲ್ಲಿಡುವ ಪದ್ಧತಿ ಘೋರವಾದುದು. ಓದಲು ಬಾರದ ಮಗುವಿಗೆ ಶೀಶೆಯ ಆಕಾರವೇ ಅಕ್ಷರ. ಇವುಗಳ ಸ್ಥಳ ಬೀಗ ಹಾಕಿದ ಎತ್ತರದ ಗೂಡು. ದೈವವಶಾತ್ ಮಗು ಕುಡಿದೇಬಿಟ್ಟರೆ ವಾಂತಿ ಮಾಡಿಸಲು ಯತ್ನಿಸಬಾರದು. ಸೀಮೆಎಣ್ಣೆಯು ವಾಂತಿಯಾಗುವಾಗ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸಿಡ್ ಹಿಂದಿರುಗುವಾಗ ಗಂಟಲನ್ನು ಎರಡನೆಯ ಸಲ ಸುಡುತ್ತದೆ. ಉಪ್ಪುನೀರು ಮೊದಲಾದ ಮನೆಮದ್ದುಗಳಲ್ಲಿ ಕಾಲಹರಣ ಮಾಡದೆ ೧೦೮ಕ್ಕೆ ಕರೆಮಾಡಿ, ಆ ಶೀಶೆಯನ್ನೂ ಕೈಯಲ್ಲಿ ಹಿಡಿದು, ಮಗುವನ್ನು ಆಸ್ಪತ್ರೆಗೆ ಒಯ್ಯತಕ್ಕದ್ದು.

ಉಳಿದಿರುವುದು ಒಂದು ಪ್ರಶ್ನೆ: ಈ ಕೆಲಸವನ್ನೆಲ್ಲ ಮಾಡಬೇಕಾದವರು ಯಾರು? ತಾಯಿಯೊಬ್ಬಳೇ ಎಂದು ನಾವು ಎಷ್ಟೋ ತಲೆಮಾರುಗಳಿಂದ ಭಾವಿಸಿದ್ದೇವೆ. ಮಗು ಇಬ್ಬರದಾದಾಗ ಕೊಳೆಯೂ ಇಬ್ಬರದು. ಅಷ್ಟೇ ಅಲ್ಲ, ಮಗುವಿಗೂ ಅದರಲ್ಲಿ ಪಾಲುಂಟು. ೧೯೦೭ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದ, ೧೯೩೯ರಲ್ಲಿ ನಮ್ಮ ದೇಶಕ್ಕೆ ಬಂದು ಮದರಾಸಿನ ಅಡಿಯಾರಿನಲ್ಲಿ ಉಪಾಧ್ಯಾಯರಿಗೆ ಶಿಕ್ಷಣವಿತ್ತ ಮರಿಯಾ ಮಾಂಟೆಸ್ಸೋರಿಯವರು, ನೀರು ಹೊಯ್ಯುವುದು, ಮೇಜು ಒರೆಸುವುದು, ಕಸ ಗುಡಿಸುವುದು ಇವುಗಳನ್ನೇ ಶಿಶುಶಿಕ್ಷಣದ ಅಂಗವನ್ನಾಗಿ ಮಾಡಿದರು. ಹಾಲು ಚೆಲ್ಲಿದ ಮಗುವಿನ ಕೈಗೆ ಒಂದು ಚಿಕ್ಕ ಬಟ್ಟೆಯನ್ನು ಕೊಟ್ಟು “ಬಾ, ಒರೆಸೋಣ” ಎಂದರೆ ಅದಕ್ಕೆ ಅದೂ ಆಟವೇ. ಅದು ಒರೆಸಿದ ಮೇಲೆ ನಾವು ಮತ್ತೊಮ್ಮೆ ಒರೆಸಬೇಕಾಗುವುದು ನಿಜ. ಆದರೆ ತಪ್ಪನ್ನು ಮುಚ್ಚಿಡದೆ ತಿದ್ದಿಕೊಳ್ಳಬಹುದೆಂಬ ಪಾಠ ಅದಕ್ಕೆ ಅಲ್ಲಿ ದೊರೆಯುತ್ತದೆ. ಏಟು ತಿಂದ ಮಗು ಕಲಿಯುವುದು ಚೆಲ್ಲದಿರುವುದನ್ನಲ್ಲ, ಚೆಲ್ಲಿದುದನ್ನು ಬಚ್ಚಿಡುವುದನ್ನು. ಬಚ್ಚಿಟ್ಟ ಕಲೆ ಒಣಗುತ್ತದೆ. ಒಣಗಿದ ಕಲೆಯ ಪಾಡನ್ನು ಮೊದಲೇ ಹೇಳಿದ್ದೇವೆ.

ಇಷ್ಟು ಪ್ರಯತ್ನಪಟ್ಟರೂ ಹೋಗದ ಕಲೆಗಳು ಕೆಲವು ಉಳಿಯುತ್ತವೆ. ೧೯೩೭ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣಗಳ ಕಾರ್ಖಾನೆಯಾಗಿ ಸ್ಥಾಪಿತವಾದ ಸಂಸ್ಥೆಯೇ ೧೯೬೨ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಮಸಿಯನ್ನು ಒದಗಿಸುತ್ತ ಬಂದಿದೆ. ಅದರಲ್ಲಿರುವ ಬೆಳ್ಳಿಯ ಲವಣವು ಚರ್ಮದೊಡನೆ ಬೆರೆತು ಬೆಳಕಿನಲ್ಲಿ ಕಪ್ಪಾಗುತ್ತದೆ. ಯಾವ ಸಾಬೂನಿಗೂ ಜಗ್ಗದ ಆ ಗುರುತು ಉಗುರು ಬೆಳೆದಂತೆ, ಚರ್ಮ ಹೊಸದಾದಂತೆ, ತಾನಾಗಿ ಹೋಗುತ್ತದೆ. ಮಕ್ಕಳ ಕಲೆಗಳಲ್ಲಿಯೂ ಕೆಲವಕ್ಕೆ ಬೆಳವಣಿಗೆಯೇ ಮದ್ದು. ಬಾಗಿಲ ಹಿಂದಿನ ಗೀಟುಗಳನ್ನು ತೆಗೆಯುವುದು ಸಾಧ್ಯವಾಗದಿದ್ದರೆ ಅವು ಕೆಲವು ಕಾಲ ಅಲ್ಲಿಯೇ ಇರಲಿ. ಗೋಡೆಗೆ ಮುಂದಿನ ವರ್ಷ ಸುಣ್ಣ ಬಳಿಯಬಹುದು. ಆ ಗೀಟುಗಳನ್ನೆಳೆದ ಕೈ ಮುಂದಿನ ವರ್ಷಕ್ಕೆ ಅಷ್ಟು ಚಿಕ್ಕದಾಗಿರುವುದಿಲ್ಲ.